ಬೆಳ್ಳಿ ಕಪ್ಪಾಗಲಿಲ್ಲ

ನಾನು ಗಾಂಜಾ ಸೇದಿಲ್ಲ. ಭಂಗಿ ಕುಡಿದಿಲ್ಲ. ಹಾಸ್ಟೆಲ್ಲಿನಲ್ಲಿ ಯಾರೂ ನನಗೆ ಏನನ್ನೂ ತಿನ್ನಿಸಿಲ್ಲ. ಕಳೆದ ವರ್ಷದ ಮಳೆಗಾಲದಿಂದ ಈ ಮಾತುಗಳನ್ನು ಎಷ್ಟು ಜನರ ಮುಂದೆ ಹೇಳಿದ್ದೇನೆಂದರೆ, ಈಗ ಅವು ಹೆಸರು, ಊರು, ವಯಸ್ಸಿನ ಹಾಗೆ ಕೇಳುವ ಮೊದಲೇ ಬಾಯಿಗೆ ಬರುತ್ತವೆ. ಕೇಳಿದವರು ತಲೆ ಆಡಿಸುತ್ತಾರೆ. ಅದು ನಂಬಿದ ತಲೆಯಾಟವಲ್ಲ. ‘ಓದಿಕೊಂಡು ಬಂದಿದ್ದೇನೆ’ ಎಂದ ವಿದ್ಯಾರ್ಥಿಯ ಮುಂದೆ ಮೇಷ್ಟ್ರು ಆಡಿಸುವ ತಲೆ. ನಾನೂ ಮೇಷ್ಟ್ರ ಕೆಲಸದಲ್ಲಿ ಇರುವವಳಾದ್ದರಿಂದ ಅದರ ಗುರುತು ನನಗಿದೆ.

ನಾನು ತಿಂದದ್ದು ಅಣಬೆ ಪಲ್ಯ. ಸೋದರಮಾವನ ಮನೆಯಲ್ಲಿ, ಹಾಡಹಗಲು, ಜೋಳದ ರೊಟ್ಟಿಯ ಜೊತೆ, ಎಲ್ಲರ ಸಾಲಿನಲ್ಲಿ ಕೂತು ತಿಂದದ್ದು. ಸ್ವಂತದ ವಿಷಯವನ್ನು ನಾಲ್ಕು ಜನರ ಮುಂದೆ ಇಡುವ ಸ್ವಭಾವ ನನ್ನದಲ್ಲ. ಆದರೂ ಬರೆಯುತ್ತಿದ್ದೇನೆ. ಇಂಥದೇ ಪಲ್ಯ ತಿಂದು, ಇಂಥದೇ ಪ್ರಶ್ನೆಗಳ ಎದುರು ಕೂತು, ‘ನನಗೊಬ್ಬಳಿಗೇ ಹೀಗಾಯಿತೇ’ ಎಂದು ಗೋಡೆ ನೋಡುತ್ತಿರುವ ಇನ್ನೊಬ್ಬರು ಎಲ್ಲೋ ಇರಬಹುದು. ಅವರಿಗೆ ಗೋಡೆ ನೋಡುವುದೂ ಸುಲಭವಲ್ಲ ಎಂಬುದು ನನಗೆ ಗೊತ್ತು.

ಮೊದಲು ಒಂದು ಸಂಗತಿ ಹೇಳಬೇಕು. ಅದನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಮೊದಲಿನಿಂದಲೂ ನನಗೆ ಕಣ್ಣು ಮುಚ್ಚಿದರೆ ಏನೂ ಕಾಣುತ್ತಿರಲಿಲ್ಲ. ಬರೀ ಕತ್ತಲು. ‘ಅವಳ ಮುಖ ಕಣ್ಣ ಮುಂದೆ ಬಂತು’ ಅನ್ನುವುದು ‘ಹೊಟ್ಟೆ ಉರಿಯಿತು’ ಅನ್ನುವ ಹಾಗೆ ಒಂದು ಮಾತಿನ ರೀತಿ ಎಂದೇ ನಾನು ತಿಳಿದಿದ್ದೆ. ಹೊಟ್ಟೆಯಲ್ಲಿ ಯಾರಿಗೂ ಬೆಂಕಿ ಇರುವುದಿಲ್ಲವಲ್ಲ. ಕಲಬುರಗಿಯಲ್ಲಿ ಎಂ.ಎಸ್ಸಿ. ಓದುವಾಗ ಹಾಸ್ಟೆಲ್ಲಿನ ಗೆಳತಿಯರು ಅಮ್ಮನ ಮುಖ ನೆನಪಾಗಿ ಅಳುತ್ತಿದ್ದರು. ನನಗೆ ನಮ್ಮ ಅವ್ವನ ಮುಖದ ವಿವರಗಳೆಲ್ಲ ಗೊತ್ತಿದ್ದವು: ಎಡಗೆನ್ನೆಯ ಮೇಲೊಂದು ಮಚ್ಚೆ, ಕೆಂಪು ಹರಳಿನ ಮೂಗುಬಟ್ಟು, ಸಿಟ್ಟು ಬಂದಾಗ ಮೇಲೇರುವ ಒಂದೇ ಹುಬ್ಬು. ಎಲ್ಲವೂ ಗೊತ್ತು, ಮುಖ ಮಾತ್ರ ಇರಲಿಲ್ಲ. ಇದು ಎಲ್ಲರ ಪಾಡು ಎಂದುಕೊಂಡು ಗಣಿತ ಓದಿ, ಭಾಲ್ಕಿಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಸೇರಿ, ಬೀದರಿನ ಮೈಲೂರಿನ ನಮ್ಮ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತ ನೆಮ್ಮದಿಯಾಗಿದ್ದೆ.

ಅವ್ವನ ತವರು ಔರಾದ ತಾಲ್ಲೂಕಿನ ಚಿಂತಾಕಿ. ಅಲ್ಲಿ ಮಾಮಾ, ಮಾಮಾನ ಹೆಂಡತಿ ಅತ್ತಿ, ಅವ್ವನ ತಾಯಿಯಾದ ನಮ್ಮ ಆಯಿ ಇದ್ದಾರೆ. ಒಣಬೇಸಾಯ, ಜೊತೆಗೊಂದಿಷ್ಟು ಕುರಿ. ಆಷಾಢದ ಒಂದು ಭಾನುವಾರ ನಾನೊಬ್ಬಳೇ ಹೋಗಿದ್ದೆ. ಅವ್ವ ಮೊಣಕಾಲು ನೋವೆಂದು ಬರಲಿಲ್ಲ.

ಮಳೆ ಹಿಡಿದ ಮೇಲೆ ಆ ಮನೆಯಲ್ಲಿ ಒಮ್ಮೆಯಾದರೂ ಅಣಬೆ ಪಲ್ಯ ಆಗಲೇಬೇಕು. ಪ್ರತಿ ವರ್ಷ ಬೇವಿನ ಬುಡದ ಹುತ್ತದ ಮೇಲೆ ಬಿಳಿ ಅಣಬೆ ಏಳುತ್ತವೆ. ಆ ವರ್ಷ ಏಳಲಿಲ್ಲ. ಮನೆಗೆ ಬಂದ ಮಗಳಿಗೆ ಅಣಬೆ ಇಲ್ಲದೆ ಹೇಗೆ ಎಂದು ಅತ್ತಿ, ಬೇಸಿಗೆಯಿಡೀ ಎಮ್ಮೆ ಕಟ್ಟಿ ಕುರಿ ತರುಬಿದ್ದ ಹೊಲದ ಮೂಲೆಯಿಂದ ಬೇರೆ ಜಾತಿಯವನ್ನು ಉಡಿ ತುಂಬ ಕಿತ್ತು ತಂದರು. ಹೆಚ್ಚುವಾಗ ಕೈ ಒತ್ತಿದಲ್ಲೆಲ್ಲ ದಂಟು ನೀಲಿಯಾಗುತ್ತಿತ್ತು.

“ಅತ್ತಿ, ನೀಲಿ ಆಗ್ಲಿಕತ್ತದ ನೋಡ್ರಿ.”

“ನನ್ನ ಸೀರಿ ಬಣ್ಣ ಬಿಟ್ಟಿರಬೇಕವ್ವ. ಹೊಸಾದದ.”

ಸೀರೆ ಹಸಿರು ಬಣ್ಣದ್ದಾಗಿತ್ತು.

ನನ್ನ ಸಮಾಧಾನಕ್ಕೆಂದು ಅವರು ದೇವರ ಜಗಲಿಯಿಂದ ಬೆಳ್ಳಿ ರೂಪಾಯಿ ತಂದರು. ನಿಜಾಮರ ಕಾಲದ್ದು. ದೀಪಾವಳಿಯಲ್ಲಿ ಲಕ್ಷ್ಮಿಯಾಗಿ ಕೂಡುವುದೂ ಅದೇ, ಮಳೆಗಾಲದಲ್ಲಿ ಅಣಬೆಯ ಜೊತೆ ಕುದಿಯುವುದೂ ಅದೇ. ಬೆಳ್ಳಿ ಕಪ್ಪಾದರೆ ವಿಷ, ಬೆಳ್ಳಗೆ ಉಳಿದರೆ ಊಟ. ಆಯಿಯ ಅತ್ತೆಯ ಕಾಲದಿಂದ ನಡೆದುಬಂದ ಪರೀಕ್ಷೆ. ಅತ್ತಿ ಸೌಟಿನಿಂದ ಅದನ್ನು ಎತ್ತಿ ಸೆರಗಿನಿಂದ ಒರೆಸಿ ನನ್ನ ಮೂಗಿನ ಹತ್ತಿರ ಹಿಡಿದರು. “ಚಂದ್ರಾಮನ್ಹಂಗ ಅದ. ಈಗರೆ ಖಾತ್ರಿ ಆಯ್ತೇನ, ಪ್ರೊಫೆಸರಮ್ಮ?”

ಒಂದು ಮಾತನ್ನು ಇಲ್ಲೇ ಸ್ಪಷ್ಟವಾಗಿ ಬರೆದುಬಿಡುತ್ತೇನೆ. ಅದು ಪರೀಕ್ಷೆಯೇ ಅಲ್ಲ. ಅಣಬೆಯೊಳಗೆ ಏನಿದೆ ಎಂಬುದು ಬೆಳ್ಳಿಗೆ ತಿಳಿಯುವುದಿಲ್ಲ. ಜೀವ ತೆಗೆಯುವ ಅಣಬೆಯ ಜೊತೆ ಕುದಿಸಿದರೂ ಅದು ಹೀಗೇ ಹೊಳೆಯುತ್ತ ಹೊರಗೆ ಬರುತ್ತದೆ. ನಮ್ಮ ಪುಣ್ಯ, ಅವು ಜೀವ ತೆಗೆಯುವ ಜಾತಿಯವಾಗಿರಲಿಲ್ಲ.

ಉಂಡು ಸ್ವಲ್ಪ ಹೊತ್ತಿಗೆ ಪಡಸಾಲೆಯ ನೆಲ ಉಸಿರಾಡತೊಡಗಿತು. ಸಾರಿಸಿದ ನೆಲದ ಮೇಲಿನ ಕೈಬೆರಳಿನ ಗೆರೆಗಳು ಒಂದರೊಳಗೊಂದು ಹರಿಯುತ್ತಿದ್ದವು. ತಲೆ ತಿರುಗುತ್ತಿದೆಯೆಂದು ಕಣ್ಣು ಮುಚ್ಚಿದೆ. ಅಲ್ಲಿ, ಇಪ್ಪತ್ತೇಳು ವರ್ಷ ಏನೂ ಇರದಿದ್ದ ಜಾಗದಲ್ಲಿ, ಬಿದರಿ ಹೂಜಿಯ ಕಪ್ಪಿನ ಮೇಲೆ ಬೆಳ್ಳಿ ಗೆರೆ ಎಳೆದಂತೆ ಜಾಲ ಮೂಡಿತು. ಜಾಲ ಜೇನುಗೂಡಾಯಿತು, ಜೇನುಗೂಡು ಸುರುಳಿಯಾಯಿತು. ಆಮೇಲೆ ಬಣ್ಣ ಬಂತು. ಆಮೇಲೆ ವಸ್ತುಗಳು ಬಂದವು: ನಮ್ಮ ಬಚ್ಚಲಿನ ತಂಬಿಗೆ, ಕಾಲೇಜಿನ ಗೇಟು. ನನಗೆ ಸುಂದರ ಅನ್ನಿಸಲಿಲ್ಲ. ಮನೆಯೊಳಗೆ ಯಾರೋ ನುಗ್ಗಿದ ಹಾಗೆ ಭಯವಾಯಿತು. 

“ಅತ್ತಿ, ಕಣ್ಣ ಮುಚ್ಚಿದ್ರ ಏನೇನೋ ಕಾಣಸ್ಲಿಕತ್ತದ!”

ಅತ್ತಿ ಮೊರದಲ್ಲಿ ಜೋಳ ಹಾಕಿಕೊಂಡು ಕೂತಿದ್ದರು. ತಲೆ ಎತ್ತದೆ, ಬಹಳ ನಿಧಾನವಾಗಿ ಹೇಳಿದರು: “ಕಣ್ಣ ಮುಚ್ಚಿದ್ರ ಎಲ್ಲಾರಿಗೂ ಕಾಣಸ್ತದವ್ವ.”

ಅದು ನಿಜ ಎಂಬುದೇ ಈ ಇಡೀ ಪ್ರಕರಣದ ಕಿರಿಕಿರಿ. ಎಲ್ಲರಿಗೂ ಕಾಣಿಸುತ್ತದೆ. ನನಗೆ ಕಾಣಿಸುತ್ತಿರಲಿಲ್ಲ ಎಂಬುದನ್ನು ಆ ಗಳಿಗೆಯಲ್ಲಿ ಯಾರಿಗೆ, ಯಾವ ಮಾತಿನಲ್ಲಿ ವಿವರಿಸಲಿ? ಮಾಮಾ ಹೊರಸಿನ ಮೇಲೆ ಮಲಗಿ ಮಾಡಿನ ತಗಡು ನೋಡುತ್ತ ನಗುತ್ತಿದ್ದರು. ಆಯಿ ಗೋಡೆಗೆ ಕೈಮುಗಿದು ಕೂತಿದ್ದಳು. ನಾನು ವಾಂತಿ ಮಾಡಿಕೊಂಡು, ಸಾಯುತ್ತೇನೆಂದು ಚೀರಿದೆ. ನಾನು ಚೀರುವವಳಲ್ಲ. ಅದಕ್ಕೇ ಅಕ್ಕಪಕ್ಕದವರು ಓಡಿಬಂದು, ಬಾಡಿಗೆ ಜೀಪು ಮಾಡಿ, ಅತ್ತಿಯ ಜೊತೆ ನನ್ನನ್ನು ಔರಾದಿನ ದವಾಖಾನೆಗೆ ಕಳಿಸಿದರು. ದಾರಿಯುದ್ದಕ್ಕೂ ಅತ್ತಿ ಸೆರಗಿನಿಂದ ಕಣ್ಣು ಮುಚ್ಚಿಕೊಂಡಿದ್ದರು. ಕೇಳಿದರೆ, “ಧೂಳು,” ಎಂದರು. ಹಿಂದಿನ ದಿನವೆಲ್ಲ ಮಳೆ ಬಂದಿತ್ತು.

“ಏನ್ ತಿಂದಾರ ಇವರು?” ದವಾಖಾನೆಯ ಡಾಕ್ಟರು ನನ್ನ ಕಣ್ಣಿಗೆ ಬ್ಯಾಟರಿ ಬಿಟ್ಟು ಕೇಳಿದರು.

“ಅಣಬಿ ಪಲ್ಯಾರಿ. ಎಲ್ಲಾರೂ ಅದೇ ಉಂಡೇವ್ರಿ ಸಾಹೇಬ್ರ. ನಮಗ ಯಾರಿಗೂ ಏನೂ ಆಗಿಲ್ರಿ. ಬೆಳ್ಳಿ ಹಾಕಿ ನೋಡೀನ್ರಿ ನಾ.”

ಅಣಬೆಯ ಸಂಗತಿ ಅಲ್ಲಿಗೇ ಮುಗಿಯಿತು. ಎಲ್ಲರೂ ಉಂಡು ಒಬ್ಬಳಿಗೇ ಆಗಿದೆಯೆಂದರೆ ದೋಷ ಪಲ್ಯದ್ದಲ್ಲ, ಆ ಒಬ್ಬಳದು. ನನ್ನ ವಿದ್ಯಾರ್ಥಿಗಳಿಗೂ ನಾನು ಇದೇ ತರ್ಕ ಕಲಿಸುತ್ತೇನೆ. ಲೆಕ್ಕ ಸರಿಯಾಗಿಯೇ ಇತ್ತು, ಕೊಟ್ಟ ಮಾಹಿತಿ ಸುಳ್ಳಾಗಿತ್ತು.

ಸಂಜೆಗೆ ಬೀದರಿಗೆ ತಂದರು. ಅಲ್ಲಿ ಇನ್ನೊಬ್ಬ ಡಾಕ್ಟರು ಅವ್ವ-ಅಪ್ಪನನ್ನು ಹೊರಗೆ ಕಳಿಸಿ ಮೆಲುದನಿಯಲ್ಲಿ ಕೇಳಿದರು, “ಎಲ್ಲಿ ಓದಿದ್ರಿ?”

“ಕಲಬುರಗಿ.”

“ಹಾಸ್ಟೆಲ್ಲೇನು?”

“ಹೌದ್ರಿ.”

ಅವರು ಏನೋ ಬರೆದುಕೊಂಡರು. ಹಾಸ್ಟೆಲ್ ಎಂಬುದೇ ಒಂದು ರೋಗಲಕ್ಷಣ ಎಂದು ಅಂದು ತಿಳಿಯಿತು.

ಮರುದಿನ ಬೆಳಿಗ್ಗೆ ಭಯ ಇಳಿದಿತ್ತು, ನೆಲ ನೆಲದ ಹಾಗಿತ್ತು. ಆದರೆ ಎಲ್ಲವೂ ಹೋಗಲಿಲ್ಲ. ಬಿಳಿ ಗೋಡೆಯ ಮೇಲೆ ಸಣ್ಣಗೆ ಜಾಲ ಉಳಿಯಿತು. ಕೈ ಆಡಿಸಿದರೆ ಹಿಂದೊಂದು ಕೈ ಬರುತ್ತಿತ್ತು. ಕಣ್ಣು ಮುಚ್ಚಿದರೆ ಚಿತ್ರ. ‘ಏನು ಕಾಣಿಸ್ತದೆ’ ಎಂದು ಕೇಳಿದವರಿಗೆ ದೇವರೋ ದೆವ್ವವೋ ಬೇಕಾಗಿತ್ತು. ನನಗೆ ಕಾಣುತ್ತಿದ್ದದ್ದು ಭಾಲ್ಕಿ ಬಸ್ಸಿನ ಹಿಂಭಾಗ, ಅರ್ಧ ಹೆಚ್ಚಿದ ಸೋರೆಕಾಯಿ, ಪಕ್ಕದ ಮನೆಯ ಸಿಂಟೆಕ್ಸ್ ಟಾಂಕಿ. ಇಷ್ಟು ವರ್ಷ ಮುಚ್ಚಿದ್ದ ಪರದೆ ತೆರೆದದ್ದೇ ತೆರೆದದ್ದು, ತೋರಿಸುವುದು ಸಿಂಟೆಕ್ಸ್ ಟಾಂಕಿಯನ್ನು! ನಾನು ಕರೆದರೆ ಯಾವುದೂ ಬರುತ್ತಿರಲಿಲ್ಲ. ಬೇಡವೆಂದರೆ ಹೋಗುತ್ತಿರಲಿಲ್ಲ.

ಅವ್ವ ನನ್ನ ಫೋನು ತೆಗೆದಿಟ್ಟುಕೊಂಡಳು. “ಯಾರಂವ?” ಎಂದು ಒಂದು ದಿನ, “ಯಾರ್ ಕಲಿಸಿದ್ರು?” ಎಂದು ಇನ್ನೊಂದು ದಿನ. ಅಣಬೆ ಎಂದರೆ ಉರಿದುಬೀಳುತ್ತಿದ್ದಳು. “ನನ್ನ ತವರಮನಿ ಅನ್ನಕ್ಕ ಹೆಸರಿಡ್ತಿ? ಅತ್ತಿ ಉಂಡಾಳ, ನನ್ನ ಅಣ್ಣ ಉಂಡಾನ, ಹಣ್ಣಹಣ್ಣ ಮುದುಕಿ ನನ್ನವ್ವ ಉಂಡಾಳ. ಅವರೆಲ್ಲಾ ಕಲ್ಲಿನಂಗ ಅದಾರ. ನಿನಗೊಬ್ಬಕಿಗೇ ಏನ್ ಬಡದದ?”

ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮಾತು ಕಡಿಮೆ. ಒಂದು ದಿನ ಕೆಲಸದಿಂದ ಬಂದವರು ನನ್ನ ಹಾಸಿಗೆಯ ಬಿಳಿ ಚಾದರ ತೆಗೆದು, ದೊಡ್ಡ ದೊಡ್ಡ ಹೂವಿನ ಹಳೆಯದನ್ನು ಹಾಸಿದರು. ಎದುರಿನ ಗೋಡೆಗೆ ಒಂದು ಕಂದು ಬಣ್ಣದ ಪರದೆ ಕಟ್ಟಿದರು. “ಬಿಳೀದ್ರ ಮ್ಯಾಲ ಜಾಸ್ತಿ ತ್ರಾಸ ಅಂದಿದ್ಯಲ್ಲಾ,” ಎಂದರು. ನಾನು ಅದನ್ನು ಡಾಕ್ಟರಿಗೆ ಹೇಳಿದ್ದೆ. ಬಾಗಿಲ ಹೊರಗೆ ನಿಂತವರು ಕೇಳಿಸಿಕೊಂಡಿದ್ದರು. ನಂಬಿದರೋ ಇಲ್ಲವೋ ಗೊತ್ತಿಲ್ಲ, ಚಾದರ ಮಾತ್ರ ಬದಲಾಯಿಸಿದರು. ಆ ದಿನಗಳಲ್ಲಿ ನನಗೆ ಅಷ್ಟೇ ಸಾಕಾಗಿತ್ತು.

ಆಮೇಲೆ ಮನೋರೋಗದ ಡಾಕ್ಟರು. ಬೀದರಿನಲ್ಲಿ ಅವರ ಕ್ಲಿನಿಕ್ಕಿಗೆ ಹೋಗುವವರೆಲ್ಲ ಮುಖ ಮುಚ್ಚಿಕೊಂಡು ಹೋಗುತ್ತಾರೆ, ಒಳಗೆ ಕೂತ ಮೇಲೆ ಒಬ್ಬರನ್ನೊಬ್ಬರು ಗುರುತು ಹಿಡಿದು ತಬ್ಬಿಬ್ಬಾಗುತ್ತಾರೆ. ಅವ್ವ ನನಗೆ ಸೆರಗು ಹೊದಿಸಿ ಮೂಲೆಯಲ್ಲಿ ಕೂಡಿಸುತ್ತಿದ್ದಳು. ಕಂಪೌಂಡರ್ ಮಾತ್ರ ಇಡೀ ರಸ್ತೆಗೆ ಕೇಳುವ ಹಾಗೆ ಪೂರ್ತಿ ಹೆಸರು ಕೂಗುತ್ತಿದ್ದ. ಗೋಡೆಗಳು ಅಚ್ಚ ಬಿಳಿ. ಟ್ಯೂಬ್‌ಲೈಟ್ ಬೇರೆ. ನಾನು ನೆಲ ನೋಡಿಕೊಂಡು ಕೂತಿರುತ್ತಿದ್ದೆ. ಒಂದು ಸಲ ಪಕ್ಕದಲ್ಲಿ ಬುರ್ಖಾ ಹಾಕಿದ ವಯಸ್ಸಾದ ಹೆಂಗಸೊಬ್ಬರು ಕೂತಿದ್ದರು. ಮಗನನ್ನು ಕರೆತಂದಿದ್ದರು.

“ಕ್ಯಾ ಹುವಾ ಬೇಟಿ? ಏನ್ ತ್ರಾಸ?”

ಬಾಯಿಪಾಠ ಒಪ್ಪಿಸುವ ಹಾಗೆ ಹೇಳಿದೆ, “ನಾ ಗಾಂಜಾ ಸೇದಿಲ್ರಿ ಖಾಲಾ.”

ಅವರು ನಕ್ಕುಬಿಟ್ಟರು. “ನಾ ಹಂಗ ಕೇಳಿನೇನ? ತಲಿ ನೋಯ್ತದೋ, ನಿದ್ದಿ ಬರಲ್ಲೋ ಅಂತ ಕೇಳಿದೆ.” ಪರ್ಸಿನಿಂದ ಒಂದು ಸೋಂಪಿನ ಪೊಟ್ಟಣ ತೆಗೆದು ನನ್ನ ಕೈಯಲ್ಲಿ ಇಟ್ಟರು. ಇಷ್ಟು ದಿನಗಳಲ್ಲಿ ಮೊದಲ ಸಲ ಯಾರೋ ನನಗೆ ನಿದ್ದೆ ಬರುತ್ತದೆಯೇ ಎಂದು ಕೇಳಿದ್ದರು. ಅಳು ಬಂತು. ಅವ್ವ ನನ್ನ ಮೊಣಕೈ ತಿವಿದಳು.

ಡಾಕ್ಟರು ಕೆಟ್ಟವರಲ್ಲ. ಕೇಳಿದ್ದನ್ನೇ ಮತ್ತೆ ಕೇಳುತ್ತಿದ್ದರು, ಅಷ್ಟೇ. ಮೊದಲ ಭೇಟಿಯಲ್ಲೇ ಅವ್ವ ಅಳುತ್ತ ಅವರ ಮುಂದೆ, “ಹಾಸ್ಟೆಲ್ಲಿನಾಗ ಚಟ ಹತ್ತ್ಯಾದ್ರಿ, ಒಪ್ಪವಲ್ಲಳು,” ಎಂದಿದ್ದಳು. ಹೆತ್ತ ತಾಯಿಯೇ ಹೇಳಿದ ಮೇಲೆ ಡಾಕ್ಟರಿಗೇನು? ಗುಳಿಗೆ ಶುರುವಾದವು. ಚಿತ್ರಗಳು ಮಸುಕಾದವು, ಹೋಗಲಿಲ್ಲ, ನಾನೂ ಮಸುಕಾದೆ. ನಾಲಗೆ ದಪ್ಪ, ಕೈಯಲ್ಲಿ ನಡುಕ, ಹಗಲೆಲ್ಲ ತೂಕಡಿಕೆ. ಕಾಲೇಜಿಗೆ ಹೋದೆ. ಕಪ್ಪು ಹಲಗೆಯ ಮೇಲೆ ಗೆರೆ ಎಳೆದರೆ ಗೆರೆಗಿಂತ ನಡುಕವೇ ಹೆಚ್ಚು. ಸಾಯಗಾಂವದಿಂದ ಬರುವ ಒಬ್ಬ ವಿದ್ಯಾರ್ಥಿನಿ ತಾನಾಗಿಯೇ ಎದ್ದುಬಂದು, “ನೀವು ಹೇಳ್ರಿ ಮೇಡಂ, ನಾ ಬರೀತೇನಿ,” ಎಂದು ಚಾಕ್ ತೆಗೆದುಕೊಂಡಳು. ಅದೇ ವಾರ ಪ್ರಿನ್ಸಿಪಾಲರು ಕರೆಸಿದರು. ಯಾರೋ ಅವರ ಕಿವಿಯಲ್ಲಿ ಊದಿದ್ದರು.

“ಸ್ವಲ್ಪ ದಿನ ಆರಾಮ ತಗೋರಿ ಮೇಡಂ. ಡಾಕ್ಟರ್ ಕಡಿಂದ ಚೆನ್ನಾಗದಾರ ಅಂತ ಬರಸ್ಕೊಂಡು ಬರ್ರಿ. ಹುಡುಗರ ಪ್ರಶ್ನಿ ಅದ, ನೋಡ್ರಿ. ನಶಾ ಅಂದ್ರ ಊರಾಗ ಮಾತ ಆಗ್ತದ.”

ಅತಿಥಿ ಉಪನ್ಯಾಸಕಿಗೆ ‘ಸ್ವಲ್ಪ ದಿನ’ ಎಂದರೆ ಏನೆಂದು ಎಲ್ಲ ಅತಿಥಿ ಉಪನ್ಯಾಸಕರಿಗೂ ಗೊತ್ತು.

ನಾನು ಡಾಕ್ಟರ ಹತ್ತಿರ ಹೋಗಿ, ಒಪ್ಪಿಸುವ ದನಿ ಬಿಟ್ಟು ಕೇಳಿದೆ: ನಿಮಗೆ ಏನು ಕೊಟ್ಟರೆ ನನ್ನ ಮಾತು ನಂಬುತ್ತೀರಿ? ಅವರು ಪೆನ್ನು ಕೆಳಗಿಟ್ಟರು. ಮೊದಲ ಸಲ ನನ್ನನ್ನು ಸರಿಯಾಗಿ ನೋಡಿದರು ಅನ್ನಿಸಿತು.

“ಹಿಂಗ ಮಾಡೂ ಅಣಬಿ ಇರ್ತಾವ. ಇಲ್ಲಂತ ನಾ ಅನ್ನೂದಿಲ್ಲ. ಆದ್ರ ನಿಮ್ಮ ಜೋಡಿ ಉಂಡವ್ರಾಗ ಒಬ್ಬರಿಗರೆ ಆ ದಿನ ಏನರೆ ಕಂಡಿದ್ರ ಹೇಳ್ರಿ. ಇಡೀ ಔಷಧನೇ ಬದಲಿ ಮಾಡ್ತೇನಿ. ಮೂರು ಮಂದಿ ಉಂಡು ಮೂರೂ ಮಂದಿ ಆರಾಮ ಅದಾರ ಅಂದ್ರ, ನಾ ಏನ್ ಅನ್ಕೋಬೇಕು?”

ಒಬ್ಬರಾದರೂ. ಹೊರಸಿನ ಮೇಲೆ ನಗುತ್ತಿದ್ದ ಮಾಮಾ ನೆನಪಾದರು. ಮಳೆಯಲ್ಲಿ ಧೂಳು ಬಿದ್ದ ಅತ್ತಿಯ ಕಣ್ಣು ನೆನಪಾಯಿತು.

ದಸರೆಯ ರಜೆಯಲ್ಲಿ ಚಿಂತಾಕಿಗೆ ಹೊರಟೆ. ಒಬ್ಬಳನ್ನೇ ಕಳಿಸುವುದಿಲ್ಲವೆಂದು ಅವ್ವ ಬೆನ್ನು ಹತ್ತಿದಳು. ಔರಾದಿನವರೆಗೆ ಬಸ್ಸಿನಲ್ಲಿ ಅವಳದು ಒಂದೇ ರಾಗ: “ನನ್ನ ತವರಮನಿ ಮರ್ಯಾದಿ ಕಳೀಲಿಕ್ಕ ಹೊಂಟೀ. ಕಳಿ.”

ಅತ್ತಿ ಚಹಾ ಕೊಟ್ಟರು. ನಾನು ಪೀಠಿಕೆ ಹಾಕಲಿಲ್ಲ.

“ಆ ದಿನ ಅಣಬಿ ಉಂಡ ಮ್ಯಾಲ ನಿಮಗೇನೂ ಕಾಣಸಲಿಲ್ಲೇನ್ರಿ ಅತ್ತಿ?”

“ಏನ್ ಕಾಣಸಬೇಕವ್ವ? ಮನಿ ಕಾಣಸ್ತು, ಹೊಲ ಕಾಣಸ್ತು.”

“ಮಾಮಾ, ನೀವು ತಗಡ ನೋಡಿ ನಗ್ತಿದ್ರಿ.”

“ನಗೂದೂ ಒಂದು ಬ್ಯಾನಿಯೇನ? ಬೀದರದಾಗ ಅದಕ್ಕೂ ಗುಳಿಗಿ ಕೊಡ್ತಾರೇನ?”

ಅತ್ತಿ ಎದ್ದುಹೋಗಿ ಬೆಳ್ಳಿ ರೂಪಾಯಿ ತಂದು ನನ್ನ ಮುಂದೆ ಇಟ್ಟರು. ಹುಣಸೆಹುಳಿ ಹಚ್ಚಿ ತಿಕ್ಕಿದ್ದರು, ಫಳಫಳ ಹೊಳೆಯುತ್ತಿತ್ತು. “ಇದ್ರ ಮ್ಯಾಲ ಕೈ ಇಟ್ಟ ಹೇಳ್ತೇನಿ, ನನ್ನ ಪಲ್ಯಾದಾಗ ದೋಷ ಇದ್ದಿಲ್ಲ.”

“ಕೇಳ್ದಿ?” ಎಂದಳು ಅವ್ವ. “ಬೆಳ್ಳಿ ಸುಳ್ಳ ಹೇಳ್ತದೇನು?”

ಬೆಳ್ಳಿ ಏನನ್ನೂ ಹೇಳುವುದಿಲ್ಲ ಎನ್ನಲು ಬಾಯಿ ತೆರೆದೆ. ಕೈಯಲ್ಲಿದ್ದ ಬಟ್ಟಲು ನಡುಗಿ ಚಹಾ ಮಡಿಲಿಗೆ ಚೆಲ್ಲಿತು. ನನ್ನ ಕೈಯನ್ನು ಎಲ್ಲರೂ ನೋಡಿದರು. ನನಗೂ ಸಾಕಾಗಿಹೋಗಿತ್ತು. “ಇದು ಗುಳಿಗಿಂದ ಆಗೂದು,” ಎಂದೆ. “ನನ್ನ ಕೆಲಸ ಹೋಗ್ತದ. ನಶಾ ಮಾಡ್ತಾಳ ಅಂತ ಕಾಯಂ ಆಗ್ತದ. ನೀವು ಯಾರೂ ಏನೂ ನೋಡಿಲ್ಲಂದ್ರ ನಾ ಹೋಗ್ತೇನಿ. ಮತ್ತ ಕೇಳಲ್ಲ.”

ಮೂಲೆಯಲ್ಲಿ ಹತ್ತಿ ಬತ್ತಿ ಹೊಸೆಯುತ್ತಿದ್ದ ಆಯಿ ಕೇಳಿದಳು, “ಯಾವ ದಿನದ ಮಾತದು? ಆ ಕುರಿ ಹೋದ ದಿನಾ ಏನ?”

“ಯಾವ ಕುರಿ ಆಯಿ?”

“ಗ್ವಾಡಿ ಮ್ಯಾಲಿನ ಕುರಿ.”

ಅತ್ತಿ, “ಅತ್ತೆವ್ವಾ, ಸುಮ್ಮಿರ್ರಿ,” ಎಂದರು. ಆಯಿ ಸುಮ್ಮನಿರಲಿಲ್ಲ. ಅಂದು ಊಟವಾದ ಮೇಲೆ ಗೋಡೆಯ ಮೇಲೆ ಕುರಿಗಳು ಒಂದರ ಹಿಂದೊಂದು ನಡೆದುಹೋದವಂತೆ. ಉಣ್ಣೆಯಲ್ಲಿ ದೀಪ ಹಚ್ಚಿದ ಹಾಗೆ ಬೆಳಕು. “ಒಂದೂ ಬ್ಯಾ ಅನ್ಲಿಲ್ಲ. ಅಷ್ಟು ಕುರಿ ಹೋದ್ರ ಒಂದರೆ ಒದರಬೇಕಲ್ಲ? ಆಗ ತಿಳೀತು, ನನಗ ಮ್ಯಾಲಿಂದ ಕರಿ ಬಂತಂತ. ಕೈ ಮುಗದೆ. ಮೈ ತೊಳಕೊಂಡು ಮಡಿಸಿಟ್ಟ ಸೀರಿ ಉಟಗೊಂಡು ಮಕ್ಕೊಂಡೆ.”

“ಆಮ್ಯಾಲ?”

“ಆಮ್ಯಾಲೇನ? ಕರಿ ಎಲ್ಲಿ ಬಂತು, ಸಂಜಿಗಿ ಹಸಿವಿ ಆಯ್ತು.”

“ಮತ್ಯಾಕ ಹೇಳ್ಲಿಲ್ಲ ಆಯಿ?”

“ನನಗ್ಯಾರ್ ಕೇಳ್ಯಾರ? ಎಲ್ಲಾರೂ ನಿನಗ ಕೇಳೂದ್ರಾಗೇ ಇದ್ರು.”

ಮಾಮಾನಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ, ಮಾಡಿನ ತಗಡಿನ ಗೆರೆಗಳು ಹಾರ್ಮೋನಿಯಂ ತಿದಿಯ ಹಾಗೆ ಚಾಚಿ ಮುದುಡುತ್ತಿದ್ದುದನ್ನು ಕೈಯಲ್ಲಿ ಮಾಡಿ ತೋರಿಸಿದರು. “ನಾ ಅಂದ್ಕೊಂಡೆ, ತಗಡ ಕೂಡ ಉಸಿರಾಡ್ತದ, ನಾ ಇಷ್ಟ ದಿನ ನೋಡೇ ಇಲ್ಲ.” ಕೊನೆಗೆ ಉಳಿದವರು ಅತ್ತಿ. ಅವರು ನಗಲಿಲ್ಲ. ಮೊರದಲ್ಲಿನ ಒಂದೊಂದು ಜೋಳದ ಕಾಳಿಗೂ ಕಣ್ಣು ಮೂಡಿ ತಮ್ಮನ್ನೇ ನೋಡುತ್ತಿದ್ದವು ಎಂದರು. ಜೀಪಿನಲ್ಲಿ ಕಣ್ಣು ತೆರೆಯಲು ಧೈರ್ಯವಾಗಲಿಲ್ಲ ಎಂದರು.

“ನನ್ನ ಕೈಲೆ ಮನಿಮಂದಿಗೆಲ್ಲಾ ಹಾಕೀನಿ ಅಂತ ಹ್ಯಾಂಗ ಹೇಳ್ಲಿ? ಜಗಲಿ ಮ್ಯಾಲಿನ ಲಕ್ಷ್ಮಿ ಮುಳುಗಿಸಿ ನೋಡೀನಿ. ನಾ ಹೌದಂದ್ರ ಅಕಿ ಸುಳ್ಳಾಗ್ತಾಳ.”

“ಲಕ್ಷ್ಮಿ ಡಾಕ್ಟರೇನ?” ಎಂದಳು ಆಯಿ. “ಅಕಿ ಕೆಲಸ ದೀಪಾವಳಿಗಿ ಕೂಡೂದು. ಕುದಿಯೋ ನೀರಾಗ ನೂಕಿದವ್ರು ನಾವು.”

ಅವ್ವ ಅಣ್ಣನ ಕಡೆ ತಿರುಗಿದಳು. ತವರಿನಲ್ಲಿ ಅವಳು ದನಿ ಎತ್ತಿದ್ದನ್ನು ನಾನು ಕಂಡಿರಲಿಲ್ಲ. “ಅಣ್ಣಾ,” ಎಂದಳು, “ನನ್ನ ಮಗಳು ನಶಾಖೋರ್ ಅಂತ ನಾನೇ ನನ್ನ ಬಾಯಿಲೆ ಡಾಕ್ಟರಗ ಹೇಳೀನಿ. ದಿನಾ ಮುಂಜಾನೆ ನಾನೇ ನಿಂತು ಗುಳಿಗಿ ನುಂಗಿಸೀನಿ. ನೀವು ಇಲ್ಲಿ ಕುರಿ ನೋಡ್ಕೋತ, ತಗಡ ನೋಡ್ಕೋತ ಸುಮ್ಮ ಕೂತಿದ್ರಿ?” ನನ್ನ ಕೈಯಿಂದ ಬಟ್ಟಲು ತೆಗೆದು, ಸೆರಗಿನಿಂದ ನನ್ನ ಮಡಿಲು ಒರೆಸತೊಡಗಿದಳು. ಕಲೆ ಹೋದ ಮೇಲೂ ಒರೆಸುತ್ತಲೇ ಇದ್ದಳು.

ಡಾಕ್ಟರ ಮುಂದೆ ಹೇಳಲು ಮಾಮಾ ನಾಚಿದರು, ಅತ್ತಿ ಹೆದರಿದರು. ಆಯಿ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಳು. ಕ್ಲಿನಿಕ್ಕಿನಲ್ಲಿ ಕಂಪೌಂಡರ್ ಪೂರ್ತಿ ಹೆಸರು ಕೂಗಿದಾಗ, “ಕೇಳ್ತದೋ ಮಾರಾಯ, ನನ್ನ ಕಿವಿ ಇನ್ನಾ ಗಟ್ಟಿ ಅದಾವ,” ಎಂದು ಎಲ್ಲರನ್ನೂ ನಗಿಸಿದಳು. ಸೆರಗು ತಲೆಯ ಮೇಲಿತ್ತು, ಮುಖದ ಮೇಲಲ್ಲ. ಒಳಗೆ ಡಾಕ್ಟರ ಬಿಳಿ ಗೋಡೆಯ ಮೇಲೆ ಕೈ ಆಡಿಸಿ, ಕುರಿಗಳು ಎಲ್ಲಿಂದ ಬಂದವು, ಎಲ್ಲಿ ತಿರುಗಿದವು, ಯಾವುದು ಕುಂಟುತ್ತಿತ್ತು ಎಂದು ತೋರಿಸಿದಳು. ಡಾಕ್ಟರು ಅಡ್ಡ ಮಾತಾಡದೆ ಕೇಳಿದರು.

“ಅಜ್ಜಿ, ನೀವು ಯಾವತ್ತರೆ ಗಾಂಜಾ…?” ಎಂದು ಅಭ್ಯಾಸಬಲದಿಂದ ಶುರು ಮಾಡಿದವರು ತಾವೇ ನಿಲ್ಲಿಸಿ ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ. ಮೂರು ತಿಂಗಳು ನಾನು ಹೇಳಿದ್ದನ್ನೇ ಆಯಿಯೂ ಹೇಳಿದ್ದು.

ಆ ಅಣಬೆಯಲ್ಲಿರುವ ಅಂಶ ಮಿದುಳಿನಲ್ಲಿ ನೋಡುವ ಜಾಗವನ್ನು ಕಣ್ಣಿನ ಹಂಗಿಲ್ಲದೆ ಕೆಲಸಕ್ಕೆ ಹಚ್ಚುತ್ತದೆ ಎಂದು ಡಾಕ್ಟರು ವಿವರಿಸಿದರು. ಹೆಚ್ಚಿನವರಿಗೆ ಸಂಜೆಯ ಹೊತ್ತಿಗೆ ಇಳಿಯುತ್ತದೆ. ಅಪರೂಪಕ್ಕೆ ಒಬ್ಬರಲ್ಲಿ ಚೂರುಪಾರು ಉಳಿಯುತ್ತದೆ. ಮೊದಲು ಏನೂ ಕಾಣದವರಿಗೆ ಆಮೇಲೆ ಕಾಣತೊಡಗಿದ ಸಂಗತಿಯನ್ನೂ ಅವರು ಓದಿದ್ದರಂತೆ. ಯಾಕೆಂಬುದು ತಮಗೆ ಗೊತ್ತಿಲ್ಲ ಎಂದರು. ಗೊತ್ತಿಲ್ಲ ಎಂಬ ಮಾತನ್ನು ಒಬ್ಬ ಡಾಕ್ಟರ ಬಾಯಲ್ಲಿ ಕೇಳಿ ಇಷ್ಟು ಹಗುರಾಗುತ್ತದೆಂದು ನಾನು ಎಣಿಸಿರಲಿಲ್ಲ. ಗುಳಿಗೆಗಳನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಿ ನಿಲ್ಲಿಸಿದರು. ಪ್ರಿನ್ಸಿಪಾಲರಿಗೆ ಬರೆದುಕೊಟ್ಟದ್ದರಲ್ಲಿ ‘ಆಹಾರದ ವಿಷಬಾಧೆ’ ಎಂದಿತ್ತು. ನಾನು ಅದನ್ನು ಅಲ್ಲೇ ನಿಂತು ಮತ್ತೆ ಮತ್ತೆ ಓದಿದೆ.

ಈಗ ಮತ್ತೆ ಭಾಲ್ಕಿಗೆ ಹೋಗುತ್ತೇನೆ. ಜಾಲ ಬಹುಮಟ್ಟಿಗೆ ತೆಳುವಾಗಿದೆ. ದಣಿದ ದಿನ, ಬಿಳಿ ಗೋಡೆಯ ಎದುರು ಮಾತ್ರ ತಲೆಹಾಕುತ್ತದೆ. ಚಿತ್ರಗಳು ಹೋಗಿಲ್ಲ. ಅವಕ್ಕೆ ಇನ್ನೂ ಶಿಸ್ತಿಲ್ಲ. ಕೇಳಿದ್ದನ್ನು ಬಿಟ್ಟು ಬೇರೆಯದನ್ನೇ ತೋರಿಸುತ್ತವೆ. ಚಿಂತಾಕಿಯಲ್ಲಿ ಈ ವರ್ಷ ಅಣಬೆ ಮಾಡಲಿಲ್ಲ. ಹುತ್ತದ ಮೇಲೆ ಬೇಕಾದಷ್ಟು ಎದ್ದಿದ್ದವಂತೆ. ಅತ್ತಿ ಅತ್ತ ತಿರುಗಿಯೂ ನೋಡಲಿಲ್ಲವೆಂದು ಮಾಮಾ ಫೋನಿನಲ್ಲಿ ಗೊಣಗಿದರು.

ಅವ್ವ ತಪ್ಪಾಯಿತು ಎಂದು ಹೇಳಲಿಲ್ಲ. ಅವಳು ಹೇಳುವವಳಲ್ಲ. ಅದರ ಬದಲು ದಿನಾ ಸಂಜೆ ನಾನು ಬಸ್ಸಿಳಿದು ಬಂದು ಚಪ್ಪಲಿ ಬಿಡುವ ಮೊದಲೇ, “ಇವತ್ತೇನ್ ಕಾಣಸ್ತು?” ಎಂದು ಕೇಳುತ್ತಾಳೆ, ಮಧ್ಯಾಹ್ನ ಏನು ಉಂಡೆ ಎಂದು ಕೇಳಿದ ಹಾಗೆ. ಯಾರೂ ಕೇಳುವುದಿಲ್ಲ ಎಂದು ತಿಂಗಳುಗಟ್ಟಲೆ ಪರಿತಪಿಸಿದವಳಿಗೆ ಈಗ ದಿನಾ ಕೇಳಿಸಿಕೊಳ್ಳುವುದೇ ಒಂದು ಪರೇಶಾನಿ. “ಸೋರೆಕಾಯಿ,” ಎನ್ನುತ್ತೇನೆ. “ಸಿಂಟೆಕ್ಸ್.” “ಬಸ್ಸು.” ಅವಳು ಹೂಂ ಎನ್ನುತ್ತಾಳೆ. ಅದರಲ್ಲಿ ಸಮಾಧಾನವಿಲ್ಲ. ಅವಳು ಇನ್ನೇನನ್ನೋ ಕೇಳಬೇಕೆಂದಿದ್ದಾಳೆ ಎಂದು ಬಹಳ ದಿನಗಳಿಂದ ಅನುಮಾನವಿತ್ತು.

ಮೊನ್ನೆ ರೊಟ್ಟಿ ಬಡಿಯುತ್ತ, ನನ್ನ ಕಡೆ ನೋಡದೆ ಕೇಳಿಯೇಬಿಟ್ಟಳು.

“ಹಾಸ್ಟೆಲ್ಲಿನಾಗ ಇದ್ದಾಗ ನನ್ನ ಮುಖಾನೂ ಕಾಣಸ್ತಿದ್ದಿಲ್ಲೇನ ನಿನಗ?”

“ಇಲ್ಲ.”

“ಎರಡು ವರ್ಷ?”

“ಇಲ್ಲವ್ವ.”

ಅವ್ವ ರೊಟ್ಟಿಯ ಮೇಲೆ ಇನ್ನಷ್ಟು ಹಿಟ್ಟು ಉದುರಿಸಿದಳು.

“ಮತ್ತ ಈಗ?”

ಸುಳ್ಳು ಹೇಳುವ ಅಗತ್ಯ ಬೀಳಲಿಲ್ಲ. ಹಿಂದಿನ ದಿನವಷ್ಟೇ, ಪಾಠದ ನಡುವೆ ಲೆಕ್ಕದ ಒಂದು ಹೆಜ್ಜೆ ಮರೆತು ಕಣ್ಣು ಮುಚ್ಚಿದಾಗ, ಕರೆಯದೆ ಬಂದಿದ್ದಳು: ಮಚ್ಚೆ, ಮೂಗುಬಟ್ಟು, ಮೇಲೇರಿದ ಒಂದೇ ಹುಬ್ಬು, ಎಲ್ಲವೂ ಒಂದೇ ಮುಖದಲ್ಲಿ.

“ಕಾಣಸ್ತಿ,” ಎಂದೆ. “ಬೈಲಿಕತ್ತಿದ್ದಿ.”

“ಬೈಸಿಕೊಳ್ಳೂ ಕೆಲಸ ಮಾಡಿದ್ರ ಬೈಲಾರದೇನ ಮಾಡ್ಲಿ?” ಎಂದಳು ಅವ್ವ. ಆಮೇಲೆ ರೊಟ್ಟಿಯನ್ನು ಹೆಂಚಿನ ಮೇಲೆ ಹಾಕಿ, ಹಿಟ್ಟಿನ ಕೈಯಲ್ಲೇ ಕೂದಲು ಸರಿಮಾಡಿಕೊಂಡಳು.